ಟ್ರ್ಯಾಕ್ಟರ್ ಸೀಟು ಸೆಟ್ ಮಾಡೋದು ಹೇಗೆ? ಫೋಮ್ ತರೋಕೆ ಮುಂಚೆ ನಾಬ್ ತಿರುಗಿಸಿ

ದಿನವಿಡೀ ರೊಟಾವೇಟರ್ ಹೊಡೆದು ಬಂದು ಸೊಂಟ ಹಿಡ್ಕೊಂಡು ಮಲಗೋರನ್ನ ತುಂಬಾ ನೋಡಿದೀನಿ, ಮರುದಿನವೇ ಪೇಟೆಗೆ ಹೋಗಿ ನಾಲ್ಕಿಂಚಿನ ಫೋಮ್ ತಂದು ಸೀಟಿಗೆ ಕಟ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ. ನಮ್ಮ ಟ್ರ್ಯಾಕ್ಟರ್‌ಗಳ ಹಿಂದಿನ ಗಾಲಿಗೆ ಕಾರಿನ ಥರ ಸಸ್ಪೆನ್ಷನ್ ಇರಲ್ಲ, ಹೆಂಟೆ ಮೇಲೆ ಹತ್ತಿದ ಏಟು ಆಕ್ಸಲ್ಲಿಂದ ಸೀದಾ ಸೀಟಿಗೆ ಬರುತ್ತೆ. ಆ ಕುಲುಕಾಟ ಹೆಚ್ಚಾಗಿ ಸೆಕೆಂಡಿಗೆ 2ರಿಂದ 6 ಸಲ, ನಮ್ಮ ಬೆನ್ನುಮೂಳೆ ಜಾಸ್ತಿ ಅದುರೋದೂ ಸೆಕೆಂಡಿಗೆ 5 ಸಲದ ಆಸುಪಾಸಲ್ಲೇ. ಮೆತ್ತನೆ ಫೋಮ್ ಇದನ್ನ ತಡೆಯೋ ಬದಲು ಹೆಚ್ಚಿಸಬಹುದು, ಮೇಲಾಗಿ ಕ್ಲಚ್ಚಿಗೆ ಕಾಲೂ ಎಟುಕಲ್ಲ.

ಮೊದಲು ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ, ಸೀಟಿನಡಿ ಮಣ್ಣು ಕೆರೆದು ಕೀಲುಗಳಿಗೆ ಗ್ರೀಸ್ ಹಾಕಿ.

ಆಮೇಲೆ ಸೀಟನ್ನ ಒತ್ತಿ ಬಿಡಿ. ಸ್ಪ್ರಿಂಗ್ ಥರ ಕುಣೀತಾನೇ ಇದ್ರೆ ಡ್ಯಾಂಪರ್ (ಕುಣಿತ ತಡೆಯೋ ಶಾಕ್ ಅಬ್ಸಾರ್ಬರ್) ಹೋಗಿದೆ ಅಂತ, ಹೊಸದು ಹಾಕ್ಸಿ. ಕೀಲು ಸವೆದು ಕಟಕಟ ಅಂದ್ರೆ ಕೆಲವರು ವೆಲ್ಡಿಂಗ್ ಹೊಡೆಸಿಬಿಡ್ತಾರೆ, ಸದ್ದು ನಿಲ್ಲುತ್ತೆ ನಿಜ, ಆದ್ರೆ ಸೀಟು ಆಡೋದೂ ನಿಂತೋಗುತ್ತೆ. ಬುಷ್ (ಕೀಲಿನೊಳಗಿನ ಬಳೆ) ಬದಲಾಯಿಸೋದೇ ಸರಿ.

ಈಗ ಎಲ್ಲರೂ ತಪ್ಪೋ ಜಾಗ, ತೂಕದ ನಾಬ್, ಅಂದ್ರೆ ಕೂರೋರ ತೂಕಕ್ಕೆ ತಕ್ಕಂತೆ ಸೀಟಿನ ಸ್ಪ್ರಿಂಗ್ ಬಿಗಿ-ಸಡಿಲ ಮಾಡೋ ತಿರುಪು. ಖಾಲಿ ಸೀಟು ಮೇಲಿದ್ದಾಗ ಅದರ ಎತ್ತರದ ಒಂದು ಅಳತೆ, ಪೂರ್ತಿ ಕೆಳಗೆ ಅದುಮಿದಾಗ ಇನ್ನೊಂದು ಅಳತೆ ತಗೊಳ್ಳಿ. ನಡುವಿನ ಅಂತರ 10 ಸೆಂ.ಮೀ. ಅಂತಿಟ್ಕೊಳ್ಳಿ. ಈಗ ಬೆನ್ನು ಒರಗಿಸಿ, ಕಾಲು ಪೆಡಲ್ ಹತ್ರ ಇಟ್ಟು, ಹೊಲದಲ್ಲಿ ಕೂರೋ ಹಂಗೇ ಕೂತ್ಕೊಳ್ಳಿ, ಅಳೆಯೋದು ಬೇರೆಯವರೇ ಆಗ್ಬೇಕು, ನೀವೇ ಬಗ್ಗಿ ನೋಡಿದ್ರೆ ಲೆಕ್ಕ ತಪ್ಪುತ್ತೆ. ಸುಮಾರು 5 ಇಳಿದಿದ್ರೆ ಸರಿ. 8 ಇಳಿದ್ರೆ ಸ್ಪ್ರಿಂಗ್ ಸಡಿಲ, ಬದು ದಾಟುವಾಗ ಢಬ್ ಅಂತ ತಳಕ್ಕೆ ಬಡಿಯುತ್ತೆ. 2 ಮಾತ್ರ ಇಳಿದ್ರೆ ಬಿಗಿ ಜಾಸ್ತಿ, ಹಲಗೆ ಮೇಲೆ ಕೂತಂಗೆ. ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ಕೂತು ನೋಡಿ, ನಾಲ್ಕೈದು ಸಲ ಆಗ್ಲಿ ಪರವಾಗಿಲ್ಲ. ನಾಬ್ ಮೇಲಿನ ಕೆ.ಜಿ. ಅಂಕಿನ ಕಣ್ಮುಚ್ಚಿ ನಂಬ್ಬೇಡಿ, ಹಳೇ ಸ್ಪ್ರಿಂಗ್ ಸೋತಿರುತ್ತೆ. 80 ಕೆ.ಜಿ. ಅಪ್ಪ ಬೆಳಿಗ್ಗೆ, 55 ಕೆ.ಜಿ. ಮಗ ಮಧ್ಯಾಹ್ನ ಓಡಿಸೋ ಮನೇಲಿ ಇಬ್ಬರಿಗೂ ಬೇರೆ ಬೇರೆ ಬಣ್ಣದ ಗುರುತು ಹಾಕಿಟ್ಕೊಳ್ಳಿ, ಕೈ ಬದಲಾದಾಗೆಲ್ಲ ನಾಬೂ ಬದಲಾಗ್ಬೇಕು.

ಹಿಂದೆ-ಮುಂದೆ ಸರಿಸೋದು ಸುಲಭ: ಸೊಂಟ ಹಿಂದಕ್ಕೆ ತಾಗಿರ್ಬೇಕು, ಕ್ಲಚ್ಚು ಪೂರ್ತಿ ಒತ್ತಿದಾಗ್ಲೂ ಮಂಡಿ ಸ್ವಲ್ಪ ಮಡಚಿರ್ಬೇಕು.

ಮೇಲೆ ಹತ್ತಿ ಬಟ್ಟೆ ಕವರೇ ಹಾಕಿ, ರೆಕ್ಸಿನ್ ಬಿಸಿಲಿಗೆ ಸುಡುತ್ತೆ, ಬೆವರಿಗೆ ಜಾರುತ್ತೆ.

ಟೈರ್ ಗಾಳಿನೂ ನೋಡ್ಕೊಳ್ಳಿ, ಟ್ರೇಲರ್ ಎಳೆಯೋಕೆ ತುಂಬಿಸಿದ್ದನ್ನ ಹೊಲಕ್ಕೂ ಹಂಗೇ ಒಯ್ದರೆ ಸೀಟು ಎಷ್ಟು ಸೆಟ್ ಮಾಡಿದ್ರೂ ಕುಲುಕಾಟ ಕಮ್ಮಿ ಆಗಲ್ಲ, ಕಂಪನಿ ಪುಸ್ತಕದಲ್ಲಿ ಹೊಲಕ್ಕೆ ಎಷ್ಟು ಅಂತ ಇದೆಯೋ ಅಷ್ಟಕ್ಕೆ ಇಳ್ಸಿ. ಕೆಲಸ ಮುಗಿಸಿ ಇಳಿಯುವಾಗ ಧುಮುಕಬೇಡಿ, ಗಂಟೆಗಟ್ಟಲೆ ಅದುರಿದ ಬೆನ್ನದು, ಮೆಟ್ಟಿಲು ಹಿಡಿದು ಇಳೀರಿ.