ಕಣ್ಣಿಗೆ ಸುಣ್ಣ ಸಿಡಿದರೆ ಮೊದಲು ನೀರು, ಆಮೇಲೆ ಆಸ್ಪತ್ರೆ

ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಕೊಳೆ ಮದ್ದು ಹೊಡೆಯುವವರ ಕಣ್ಣಿಗೆ ದೊಡ್ಡ ಅಪಾಯ ಸುಣ್ಣದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಈ ಮದ್ದು, ಅಂದರೆ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಬಿದ್ದು ಕುದಿಯುವಾಗಲೇ ಅದು ಸಿಡಿಯುವುದು. ಮನೆಯೊಳಗೆ ಕವಳದ ಬಟ್ಟಲಲ್ಲೂ ಅದೇ ಸುಣ್ಣ ಇದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೊಟ್ಟಣವನ್ನು ಮಗು ಹಿಸುಕಿದರೆ ನೇರ ಮುಖಕ್ಕೇ ಚಿಮ್ಮುತ್ತದೆ. ಸುಣ್ಣ ಕ್ಷಾರ, ಮೇಲ್ಮೈಯಲ್ಲಿ ನಿಲ್ಲದೆ ಕರಿಗುಡ್ಡೆಯ ಪದರಗಳನ್ನು ಕರಗಿಸುತ್ತ ಒಳಕ್ಕಿಳಿಯುತ್ತದೆ.

ಆದ್ದರಿಂದ ಗಾಡಿ ಹುಡುಕುವ ಮೊದಲು ಕಣ್ಣು ತೊಳೆಯಿರಿ. ನಲ್ಲಿ, ತಂಬಿಗೆ, ಬಾವಿ, ಹತ್ತಿರ ಸಿಕ್ಕ ತಿಳಿನೀರು ಯಾವುದಾದರೂ ಸರಿ. ಪೆಟ್ಟಾದ ಕಣ್ಣು ಕೆಳಗೆ ಬರುವಂತೆ ತಲೆ ವಾಲಿಸಿ, ಇಲ್ಲದಿದ್ದರೆ ಸುಣ್ಣದ ನೀರು ಇನ್ನೊಂದು ಕಣ್ಣಿಗೆ ಹರಿಯುತ್ತದೆ. ನೋವಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದರಿಂದ ಇನ್ನೊಬ್ಬರು ರೆಪ್ಪೆ ಬಿಡಿಸಿ ಹಿಡಿಯಬೇಕು. ಮೂಗಿನ ಕಡೆಯಿಂದ ಹೊರಕ್ಕೆ, ಗಡಿಯಾರ ನೋಡಿಕೊಂಡು 30 ನಿಮಿಷ ನೀರು ಬಿಡಿ. ಸುಣ್ಣದ ಕಣ ಮೇಲ್ರೆಪ್ಪೆಯ ಒಳಗೆ ಅಂಟಿ ಕೂತು ಸುಡುತ್ತಲೇ ಇರುತ್ತದೆ. ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ನೋಡಲು ಹೇಳುತ್ತ ತೊಳೆಯಿರಿ. ಸುಣ್ಣ ಮುರಿಯಲೆಂದು ನಿಂಬೆಹುಳಿ, ಮಜ್ಜಿಗೆ ಹಾಕಬಾರದು. ಆಮೇಲೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ. ಘಟ್ಟ ಇಳಿಯುವ ದಾರಿಯಲ್ಲೂ ಬಾಟಲಿ ನೀರು ಬಿಡುತ್ತಿರಿ.

ಭತ್ತದ ಹೊಟ್ಟು, ಅಡಿಕೆ ಸೋಗೆ, ಹುಲ್ಲಿನ ಅಂಚು ಕಣ್ಣಿಗೆ ತಾಗಿದ್ದು ಮೊದಲ ದಿನ ಸಣ್ಣ ಗೀರು ಅಷ್ಟೇ. ಅದರ ಜೊತೆ ಬೂಷ್ಟು ಒಳಹೊಕ್ಕಿದ್ದರೆ ಕೆಲವು ದಿನಗಳಲ್ಲಿ ನೋವು ಏರುತ್ತದೆ, ಬೆಳಕು ಚುಚ್ಚುತ್ತದೆ, ಕರಿಗುಡ್ಡೆಯ ಮೇಲೆ ಬೂದುಬಿಳಿ ಚುಕ್ಕೆ ಕಾಣುತ್ತದೆ. ಇಲ್ಲಿ ಕೆಲಸ ಕೆಡಿಸುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಬೆಳೆಯುತ್ತದೆ. ಬೂಷ್ಟಿನ ಹುಣ್ಣಿಗೆ ನ್ಯಾಟಮೈಸಿನ್ ಹನಿ ಬೇಕು, ಮೊದಮೊದಲು ಗಂಟೆಗೊಮ್ಮೆ, ವಾರಗಟ್ಟಲೆ. ನಂದಿಬಟ್ಟಲ ರಸ, ಎದೆಹಾಲು, ಜೇನು ಗಾಯದ ಕಣ್ಣಿಗೆ ಬೇಡವೇ ಬೇಡ.

ಮಳೆಗಾಲದ ಕಣ್ಣುಬೇನೆಗೆ ಇಷ್ಟು ಗಾಬರಿ ಬೇಡ. ಹೆಚ್ಚಿನವು ವೈರಸ್ಸಿನವು, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತವೆ. ಹರಡುವುದು ಕೈ, ಟವೆಲ್, ತಲೆದಿಂಬಿನಿಂದ. ನೋಡಿದರೆ ಅಂಟುವುದಿಲ್ಲ, ಹಾಗಾಗಿ ಕಪ್ಪು ಕನ್ನಡಕ ಊರನ್ನು ಕಾಯುವುದಿಲ್ಲ. ದೃಷ್ಟಿ ಮಸುಕಾದರೆ, ನೋವು ಹೆಚ್ಚಾದರೆ ಮಾತ್ರ ಅದು ಬರೀ ಕಣ್ಣುಬೇನೆಯಲ್ಲ ಎಂದು ಹೊರಡಿ.

ಹನಿ ಹಾಕುವುದರಲ್ಲೂ ತಪ್ಪುಗಳಿವೆ. ಬಾಟಲಿಯ ತೂತಿಗೆ ಪಿನ್ನು ಚುಚ್ಚಬೇಡಿ. ಹಲವು ಬಾಟಲಿಗಳ ಮುಚ್ಚಳದೊಳಗೇ ಮೊಳೆ ಇರುತ್ತದೆ, ಬಿಗಿಯಾಗಿ ತಿರುಗಿಸಿದರೆ ಸಾಕು. ಕೆಳರೆಪ್ಪೆ ಎಳೆದು ಆ ಜೋಲಿಗೆ ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆ ಒಂದೆರಡು ನಿಮಿಷ ಒತ್ತಿಹಿಡಿಯಿರಿ, ಇಲ್ಲವಾದರೆ ಔಷಧಿ ಗಂಟಲಿಗೆ ಇಳಿದು ಕಹಿಯಾಗುತ್ತದೆ. ಎರಡನೇ ಔಷಧಿಗೆ 5 ನಿಮಿಷ ಬಿಡಿ. ತೆರೆದ ಬಾಟಲಿ ಸಾಮಾನ್ಯವಾಗಿ 4 ವಾರಕ್ಕೆ ಮುಗಿಯಿತು.

ಮಕ್ಕಳು ಕಾಣುವುದಿಲ್ಲ ಎಂದು ಹೇಳುವುದಿಲ್ಲ. ಒಂದು ಕಣ್ಣು ಸೋತರೂ ಇನ್ನೊಂದರಲ್ಲಿ ಆಡಿಕೊಂಡಿರುತ್ತವೆ. ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಿ. ಒಂದು ಬದಿ ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿ ಅತ್ತರೆ ಅದೇ ಸೂಚನೆ. ಮೆಳ್ಳೆಗಣ್ಣು ಅದೃಷ್ಟ ಎಂದು ಬಿಡಬೇಡಿ. ಮಗುವಿಗೆ 4 ತಿಂಗಳಾದ ಮೇಲೂ ಕಣ್ಣು ಓಡುತ್ತಿದ್ದರೆ ತೋರಿಸಿ. ಸರಿಯಾಗಿ ಬಳಕೆಯಾಗದೆ ನೋಟ ಸೋತ ಸೋಮಾರಿಗಣ್ಣಿಗೆ ಕನ್ನಡಕದ ಜೊತೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆ 7ನೇ ವಯಸ್ಸಿನೊಳಗೆ ಚೆನ್ನಾಗಿ ಹಿಡಿಯುತ್ತದೆ. ಪಟ್ಟಿ ಚರ್ಮಕ್ಕೇ ಅಂಟಬೇಕು, ಕನ್ನಡಕಕ್ಕೆ ಅಂಟಿಸಿದರೆ ಮಗು ಸಂದಿಯಿಂದ ಇಣುಕುತ್ತದೆ. ಫ್ಲ್ಯಾಶ್ ಫೋಟೊದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಅದೇ ವಾರ ಹೊರಡಿ. ಕಣ್ಣಿನ ಕ್ಯಾನ್ಸರ್ ಹಾಗೆಯೂ ಕಾಣಿಸಿಕೊಳ್ಳುತ್ತದೆ. ದೂರ ಕಾಣದ ತೊಂದರೆಯ ಸಾಧ್ಯತೆ ತಗ್ಗಲು ದಿನಕ್ಕೆ 2 ಗಂಟೆ ಹೊರಗಿನ ಬೆಳಕಿನಲ್ಲಿ ಆಟ ಬೇಕು. ಆಷಾಢದಲ್ಲಿ ಇದು ಕಷ್ಟ, ಮಳೆ ಬಿಟ್ಟ ಹೊತ್ತು ಹಿಡಿಯಿರಿ.

ಕಾರವಾರ, ಅಂಕೋಲಾದ ದೋಣಿಯವರಲ್ಲಿ ಮೂಗಿನ ಬದಿಯಿಂದ ಕರಿಗುಡ್ಡೆಯ ಮೇಲೆ ಮಾಂಸದ ಪೊರೆ ಏರುವುದುಂಟು. ಬಿಸಿಲು, ನೀರಿನ ಪ್ರತಿಫಲನ, ಗಾಳಿ ಇದಕ್ಕೆ ಕಾರಣ. ಬಿಸಿಲಿನ ಅತಿನೇರಳೆ ಕಿರಣ ತಡೆಯುವ, ಯುವಿ 400 ಎಂದು ಬರೆದ ಕನ್ನಡಕ, ಅಗಲ ಅಂಚಿನ ಟೊಪ್ಪಿ ಹಾಕಿ. ಪೊರೆ ಪಾಪೆಯ ಕಡೆ ಸರಿದರೆ ಶಸ್ತ್ರಚಿಕಿತ್ಸೆ.

ನಲವತ್ತಾದ ಮೇಲೆ ಚಾಳೀಸು ಬೇಕಾಗುವುದು ಸಹಜ, ಆದರೆ ರಸ್ತೆಬದಿಯಲ್ಲಿ ಕೊಂಡು ಸುಮ್ಮನಾಗಬೇಡಿ. ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ ಅಂಚಿನಿಂದ ದೃಷ್ಟಿ ತಿನ್ನುತ್ತದೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಕಣ್ಣಿನ ಒತ್ತಡ ಅಳೆಸಲೇಬೇಕು. ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಹನಿ ಹಾಕಿ ಪಾಪೆ ಹಿಗ್ಗಿಸಿ, ಕಣ್ಣಿನ ಒಳಪರದೆಯಾದ ರೆಟಿನಾ ನೋಡಿಸಿ. ಆ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ಬೈಕು ಮನೆಯಲ್ಲೇ ಬಿಟ್ಟು, ಒಬ್ಬರನ್ನು ಕರೆದುಕೊಂಡು ಬಸ್ಸಿಗೆ ಹೋಗಿ. ಕುಡಿಯುತ್ತಿರುವ ಮಾತ್ರೆ, ಹಾಕುತ್ತಿರುವ ಹನಿ ಎಲ್ಲವನ್ನೂ ಚೀಲದಲ್ಲಿ ಒಯ್ಯಿರಿ.