ದಿನಕ್ಕೆ ಎಷ್ಟು ನೀರು? ಫೋನನ್ನಲ್ಲ, ನಿಮ್ಮ ಮೈಯನ್ನು ಕೇಳಿ

ಈಗ ಯಾರ ಮನೆಗೆ ಹೋದರೂ ಒಂದು ದೊಡ್ಡ ಬಾಟಲಿ ಕಾಣುತ್ತದೆ. ಎಂಟು ಗಂಟೆಗೆ ಇಷ್ಟು, ಹತ್ತಕ್ಕೆ ಇಷ್ಟು ಅಂತ ಅದರ ಮೇಲೆ ಗೆರೆ ಎಳೆದಿರುತ್ತಾರೆ. ಗೆರೆ ತಪ್ಪಿದರೆ ಫೋನ್ ಟಿಣ್ ಅನ್ನುತ್ತದೆ. ಕೂಲರ್ ಮುಂದೆ ಕೂತ ಹುಡುಗಿ ಕೈಲಿದ್ದ ಕೆಲಸ ಬಿಟ್ಟು ಗಟಗಟ ಕುಡಿಯುತ್ತಾಳೆ. ಅದೇ ಮನೆಯ ಹುಡುಗ ಮಟಮಟ ಮಧ್ಯಾಹ್ನ ಬೈಕ್ ಮೇಲೆ ಸಿಂಧನೂರಿಗೆ ಹೋಗಿ ಬರುತ್ತಾನೆ, ದಿನವಿಡೀ ಎರಡು ಲೋಟ ನೀರೂ ಕುಡಿದಿರುವುದಿಲ್ಲ. ಕೇಳಿದರೆ ಇಬ್ಬರೂ ಹೇಳುವುದು ಒಂದೇ: "ಅಜ್ಜಿ, ದಿನಕ್ಕ ಮೂರ್ ಲೀಟರ್ ಕುಡೀಬೇಕಂತ." ಯಾರು ಕುಡಿಯಬೇಕು? ಎಂಥ ಬಿಸಿಲಲ್ಲಿ ಇದ್ದವರು, ಏನು ಉಂಡವರು? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ನಾನು ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ನರ್ಸ್ ಆಗಿ ತಿರುಗಿದವಳು. ಬಿಸಿಲು ಹೊಡೆದು ಮಲಗಿದವರನ್ನೂ ನೋಡಿದ್ದೇನೆ, ಕಿಡ್ನಿಯಲ್ಲಿ ಕಲ್ಲಾಗಿ ಒದ್ದಾಡಿದವರನ್ನೂ ನೋಡಿದ್ದೇನೆ. ಅವರಲ್ಲಿ ಯಾರಿಗೂ ಒಂದೇ ಲೆಕ್ಕ ಹೊಂದುತ್ತಿರಲಿಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ ಬರೆಯಿತು. ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ಊಟದಲ್ಲೇ ಬರುತ್ತದೆ ಅಂತಲೂ ಬರೆಯಿತು. ಮೊದಲ ಮಾತು ಊರೂರು ಸುತ್ತಿತು. ಎರಡನೆಯದನ್ನು ಯಾರೂ ಓದಲಿಲ್ಲ.

ಊಟದ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡಿ. ಬೆಂದ ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರೇ. ಜೋಳದ ರೊಟ್ಟಿಯಲ್ಲಿ ಅಷ್ಟಿಲ್ಲ, ಒಣಗಿಸಿ ಗರಿಗರಿ ಮಾಡಿದ ಕಟಿ ರೊಟ್ಟಿಯಲ್ಲಂತೂ ಇಲ್ಲವೇ ಇಲ್ಲ. ಅನ್ನ ಸಾರು ಉಣ್ಣುವವರು ಒಂದು ಲೋಟ ಕಡಿಮೆ ಕುಡಿದರೂ ನಡೆಯುತ್ತದೆ. ಕಟಿ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ ಅಂತ ಉಂಡವರು ಹಾಗೆ ಮಾಡಿದರೆ ಮರುದಿನ ಬೆಳಿಗ್ಗೆ ಹೊಟ್ಟೆ ಕಟ್ಟುತ್ತದೆ. ಹಿಂದಿನವರು ರೊಟ್ಟಿ ಜೊತೆ ಸೌತೆಕಾಯಿ, ಉಳ್ಳಾಗಡ್ಡಿ, ಮಜ್ಜಿಗೆ ಇಟ್ಟದ್ದು ಸುಮ್ನೆ ಅಲ್ಲ. ಸೌತೆಕಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಮಜ್ಜಿಗೆ, ಅಂಬಲಿ, ಗಂಜಿ ಎಲ್ಲ ನೀರಿನ ಲೆಕ್ಕಕ್ಕೇ ಸೇರುತ್ತವೆ. ಚಹಾ ಕೂಡ ಸೇರುತ್ತದೆ. ಚಹಾ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆ ಅನ್ನುವುದು ಸುಳ್ಳು. ಆದರೆ ಆರು ಸಲ ಸಕ್ಕರೆ ಚಹಾ ಕುಡಿದು ಬಾಯಾರಿಕೆ ತೀರಿತು ಅನ್ನಬೇಡಿ.

ಇನ್ನು ಬೆವರು. ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಗಾಳಿ ಒಣ. ಮಂಗಳೂರಲ್ಲಿ ಬೆವರು ಇಳಿಯುವುದು ಕಾಣುತ್ತದೆ. ಇಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. "ನನಗ ಬೆವರೇ ಬಂದಿಲ್ಲ ಅಜ್ಜಿ" ಅನ್ನುವ ಮೊಮ್ಮಗನ ಕರಿ ಅಂಗಿಯ ಬೆನ್ನು ನೋಡಿದರೆ ಬಿಳಿ ಬಿಳಿ ಉಪ್ಪಿನ ಗೆರೆ. ಮತ್ತೆ ಅದೆಲ್ಲಿಂದ ಬಂತು? ಅವನನ್ನು ಒಂದು ಸಂಜೆ ಕ್ರಿಕೆಟ್‌ಗೆ ಹೋಗುವ ಮುಂಚೆ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ, ಬಂದ ಮೇಲೆ ಮತ್ತೆ ನಿಲ್ಲಿಸಿದೆ. ಹತ್ತಿರ ಹತ್ತಿರ ಒಂದು ಕಿಲೋ ಇಳಿದಿತ್ತು. ಎರಡು ತಾಸಿನ ಆಟದಲ್ಲಿ ಕೊಬ್ಬು ಅಷ್ಟು ಕರಗುವುದಿಲ್ಲ ಕಣ್ರೀ, ಅದು ನೀರು. ಒಂದು ಕಿಲೋ ಅಂದರೆ ಒಂದು ಲೀಟರ್. ಅವತ್ತಿನಿಂದ ಅವನು ವಾದ ಮಾಡುವುದಿಲ್ಲ.

ಶುರು ಮಾಡಲು ಒಂದು ಅಂದಾಜು ಬೇಕು ಅನ್ನುವವರಿಗೆ ಹೇಳುತ್ತೇನೆ. ತೂಕದ ಒಂದು ಕಿಲೋಗೆ ಮೂವತ್ತು ಮಿಲಿ ಹಿಡಿಯಿರಿ. ಅರವತ್ತು ಕಿಲೋ ಇದ್ದವರಿಗೆ 1800 ಮಿಲಿ ಆಯಿತು, ಅಂದರೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ. ಅದು ನೆರಳಲ್ಲಿ ಕೂತು ಕೆಲಸ ಮಾಡುವವರ ಲೆಕ್ಕ. ಬಿಸಿಲಿಗೆ, ಹೊಲಕ್ಕೆ, ಒಲೆ ಮುಂದಿನ ಕೆಲಸಕ್ಕೆ ಇದರ ಮೇಲೆ ಸೇರಿಸಬೇಕು. ಎಷ್ಟು ಸೇರಿಸಬೇಕು ಅಂತ ಯಾವ ಪುಸ್ತಕವೂ ನಿಮಗೆ ಹೇಳಲಾರದು, ಅದನ್ನು ನೀವೇ ಕಂಡುಕೊಳ್ಳಬೇಕು. ಅದಕ್ಕೆ ನಾನು ಮಾಡುವುದು ಹುಣಸೆ ಬೀಜದ ಲೆಕ್ಕ. ನಗುವವರು ನಗಲಿ, ನಮ್ಮ ಮನೆಯಲ್ಲಿ ಇದು ನಡೆದಷ್ಟು ಚೆನ್ನಾಗಿ ಯಾವ ಫೋನೂ ನಡೆದಿಲ್ಲ.

ಮೊದಲು, ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಂಬಿಗೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು. ಸ್ಟೀಲಿನದಾದರೂ ಸರಿ, ಸಣ್ಣದಿರಲಿ. ಕುತ್ತಿಗೆವರೆಗೆ ತುಂಬಿದರೆ ಅರ್ಧ ಲೀಟರ್ ಹಿಡಿಯುವಂಥದ್ದು ಒಳ್ಳೆಯದು. ಅರ್ಧ ಲೀಟರಿನ ಬಾಟಲಿಯಿಂದ ಒಂದು ಸಲ ನೀರು ಸುರಿದು ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಕುಡಿಯುವ ನೀರಿನ ಹರವಿಯ, ಅಂದರೆ ಮಣ್ಣಿನ ಕೊಡದ, ಮೇಲಿನ ಗೂಡಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಬಟ್ಟಲು. ಎಡಗಡೆಯ ಬಟ್ಟಲಿನಲ್ಲಿ ಅವತ್ತಿನ ಬೀಜ ಇರಬೇಕು, ಬಲಗಡೆಯದು ಖಾಲಿ. ಒಂದು ತಂಬಿಗೆ ಮುಗಿದಾಗ ಒಂದು ಬೀಜ ಎಡದಿಂದ ಬಲಕ್ಕೆ. ಗಮನವಿಟ್ಟು ಓದಿ, ತುಂಬಿಕೊಂಡಾಗ ಅಲ್ಲ, ಮುಗಿದಾಗ. ನನ್ನ ಸೊಸೆ ತುಂಬಿಕೊಂಡ ಕೂಡಲೇ ಬೀಜ ಸರಿಸಿ, ತಂಬಿಗೆಯನ್ನು ಟಿವಿ ಪಕ್ಕ ಇಟ್ಟು ಮರೆಯುತ್ತಿದ್ದಳು. ಸಂಜೆ ನೋಡಿದರೆ ಬೀಜದ ಲೆಕ್ಕ ಭರ್ತಿ, ತಂಬಿಗೆಯೂ ಭರ್ತಿ! ಮಜ್ಜಿಗೆಗೆ, ಚಹಾಕ್ಕೆ ಬೀಜ ಸರಿಸಬಾರದು. ಅದಕ್ಕೆ ಒಂದೊಂದು ಕಡಲೆಬೇಳೆ ಹಾಕಿ. ಮೂರು ಬೇಳೆ ಸೇರಿದರೆ ಒಂದು ಬೀಜಕ್ಕೆ ಸಮ.

ಬೀಜವೂ ಹೇಗೆಂದರೆ ಹಾಗಿರಬಾರದು. ದಪ್ಪಗೆ ಹೊಳೆಯುವವು ಬೇಕು. ತೊಳೆದು, ಒಣಗಿಸಿ, ತಿರುಳಿನ ಅಂಟು ಪೂರ್ತಿ ಹೋದ ಮೇಲೆ ಇಡಬೇಕು, ಇಲ್ಲದಿದ್ದರೆ ಇರುವೆ. ಇಬ್ಬರ ಬೀಜ ಕಲೆಸಬಾರದು ಅಂತ ಒಬ್ಬರಿಗೆ ಹುಣಸೆ ಬೀಜ, ಇನ್ನೊಬ್ಬರಿಗೆ ಸೀತಾಫಲದ ಬೀಜ ಇಡುತ್ತೇನೆ. ಚಂದ ಕಾಣುತ್ತದೆ ಅಂತ ಗುಲಗಂಜಿ ತರಬೇಡಿ, ಅದು ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಕಷ್ಟ. ಈ ಬುದ್ಧಿ ನನಗೆ ಬಂದದ್ದು ನಮ್ಮ ಅತ್ತೆಯಿಂದ. ಅವರಿಗೆ ಓದು ಬರಹ ಇರಲಿಲ್ಲ. ಹಾಲಿನವನ ಲೆಕ್ಕಕ್ಕೆ ದಿನಕ್ಕೊಂದು ಹುಣಸೆ ಬೀಜ ಗೂಡಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅವನ ಚೀಟಿ ತಪ್ಪಿದ್ದುಂಟು, ಅತ್ತೆಯ ಬೀಜ ತಪ್ಪಿದ್ದಿಲ್ಲ.

   

ಸರಿ, ಬೀಜ ಎಷ್ಟಿಡಬೇಕು? ಮೊದಲ ದಿನ ಆ ಮೂವತ್ತು ಮಿಲಿ ಲೆಕ್ಕದಷ್ಟೇ ಇಡಿ. ಆಮೇಲೆ ಮೂತ್ರದ ಬಣ್ಣ ನೋಡಿ. ನಾಚಿಕೆ ಏನಿದೆ ಇದರಲ್ಲಿ? ಬೆಳಿಗ್ಗೆ ಎದ್ದಾಗಿನದು ಲೆಕ್ಕಕ್ಕಿಲ್ಲ, ಅದು ಯಾವಾಗಲೂ ಗಾಢವೇ. ಮಧ್ಯಾಹ್ನ ಊಟಕ್ಕೆ ಮುಂಚಿನದು ಒಂದು, ನಾಲ್ಕು ಗಂಟೆ ಸುಮಾರಿನದು ಒಂದು, ಇವೆರಡನ್ನು ನೋಡಬೇಕು. ನಿಂಬೆರಸ ಹಿಂಡಿದ ನೀರಿನ ಹಾಗೆ ತೆಳು ಹಳದಿ ಇದ್ದರೆ ನಿಮ್ಮ ಬೀಜ ಸರಿಯಾಗಿವೆ. ಎರಡು ದಿನ ಸಾಲಾಗಿ ಕಡು ಹಳದಿ ಬಂದರೆ ಒಂದು ಬೀಜ ಸೇರಿಸಿ. ದಿನವಿಡೀ ಬಣ್ಣವೇ ಇಲ್ಲದೆ ಬರುತ್ತಿದ್ದು, ಗಳಿಗೆಗೊಮ್ಮೆ ಏಳಬೇಕಾದರೆ ಒಂದು ತೆಗೆಯಿರಿ. ಬಿ-ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ನೋಡಬೇಡಿ, ಅದು ಎಷ್ಟು ನೀರು ಕುಡಿದರೂ ಹಳದಿ ಮಾಡುತ್ತದೆ. ಬೀಟ್ರೂಟ್ ತಿಂದ ದಿನವೂ ನೋಡಬೇಡಿ, ಅದು ಕೆಂಪು ಮಾಡಬಹುದು. ಒಂದು ವಾರದೊಳಗೆ ನಿಮ್ಮ ಸಂಖ್ಯೆ ನಿಂತುಬಿಡುತ್ತದೆ. ಯುಗಾದಿ ಆದ ಮೇಲೆ ಮತ್ತೆ ನೋಡಿ, ಮಳೆ ಬಿದ್ದ ಮೇಲೆ ಮತ್ತೆ ನೋಡಿ. ನನಗೆ ಚಳಿಗಾಲಕ್ಕೂ ಮೇ ತಿಂಗಳಿಗೂ ಎರಡು ಬೀಜದ ವ್ಯತ್ಯಾಸ ಇದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧದಷ್ಟಾದರೂ ಬಲಕ್ಕೆ ಬಂದಿರಬೇಕು. ಹೊತ್ತು ಮುಳುಗಿದ ಮೇಲೆ ಒಂದೇ ಉಳಿದಿರಲಿ. ಸಂಜೆವರೆಗೆ ಮರೆತು ರಾತ್ರಿ ಎಲ್ಲಾ ಬೀಜ ಒಟ್ಟಿಗೆ ಸರಿಸುವುದು ಶುದ್ಧ ಮೂರ್ಖತನ. ಕಿಡ್ನಿ ಒಂದು ತಾಸಿಗೆ ಒಂದು ಲೀಟರಿಗಿಂತ ಜಾಸ್ತಿ ಹೊರಹಾಕಲಾರದು. ಅದಕ್ಕಿಂತ ಹೆಚ್ಚು ಸುರಿಯುತ್ತಾ ಹೋದರೆ ರಕ್ತದ ಉಪ್ಪಿನಂಶ ತೆಳುವಾಗುತ್ತದೆ. ತಲೆನೋವು, ವಾಂತಿ, ಮಂಕು ಬರುತ್ತದೆ, ವಿಪರೀತವಾದರೆ ಜೀವಕ್ಕೇ ಅಪಾಯ. ಹತ್ತಿ ಬಿಡಿಸಿ ಬಂದವರಿಗೆ ನಮ್ಮ ಅವ್ವ ಮೊದಲು ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡುತ್ತಿದ್ದಳು, ಆಮೇಲೆ ನೀರು. "ಹಗೂರ ಕುಡೀರವ್ವಾ, ಹರವಿ ಎಲ್ಲಿಗೂ ಹೋಗಂಗಿಲ್ಲ" ಅನ್ನುತ್ತಿದ್ದಳು. ಬೆವರಲ್ಲಿ ಹೋದ ಉಪ್ಪು ಹೀಗೆ ವಾಪಸು ಬರುತ್ತಿತ್ತು. ವಾಂತಿ ಭೇದಿ ಆದಾಗ ಮಾತ್ರ ಮಜ್ಜಿಗೆ ನಂಬಿ ಕೂರಬೇಡಿ. ಓಆರ್‌ಎಸ್ ಪುಡಿ ತನ್ನಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದೊಂದನ್ನು ಅಂದಾಜಿಗೆ ಹಾಕಬೇಡಿ, ಅಳೆದೇ ಹಾಕಿ.

ನೀರು ಯಾವುದು ಅನ್ನುವುದೂ ಮುಖ್ಯ. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಯ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಕೀಲು ಬಿಗಿ. "ಕುದಿಸಿ ಕುಡೀತೀವಿ ಸಿಸ್ಟರಮ್ಮ" ಅನ್ನುತ್ತಿದ್ದರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಅಂಥ ಊರಲ್ಲಿ ಒಂದು ಬೀಜ ಹೆಚ್ಚು ಕುಡಿಯುವ ಮುಂಚೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ವ್ಯವಸ್ಥೆ ಮಾಡಿಕೊಳ್ಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಬಸ್ಸಲ್ಲಿ ಹೋಗಬೇಕು, ಸಂತೆಯಲ್ಲಿ ಕೂರಬೇಕು, ಅಲ್ಲಿ ಶೌಚಾಲಯ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುತ್ತೀರಿ. ನಿಮ್ಮ ಕಷ್ಟ ನನಗೆ ಗೊತ್ತು, ನಾನೂ ಹಳ್ಳಿ ಬಸ್ಸಿನಲ್ಲಿ ಅಲೆದವಳೇ. ಆದರೆ ಉರಿಮೂತ್ರ ಹಿಡಿದುಕೊಂಡರೆ ಆ ಕಷ್ಟ ಇದಕ್ಕಿಂತ ದೊಡ್ಡದು. ಹೊರಡುವ ಎರಡು ತಾಸು ಮುಂಚೆ ಒಂದು ತಂಬಿಗೆ ಮುಗಿಸಿ, ಹೊರಡುವಾಗ ಹೋಗಿ ಬನ್ನಿ. ದಾರಿಯಲ್ಲಿ ಗುಟುಕು ಗುಟುಕು ಸಾಕು. ಊರು ಮುಟ್ಟಿದ ಕೂಡಲೇ ಬಾಕಿ ತೀರಿಸಿ.

ಕಿಡ್ನಿ ತೊಂದರೆ, ಹೃದಯದ ತೊಂದರೆ ಇದ್ದವರಿಗೆ ಈ ಬೀಜದ ಲೆಕ್ಕ ಬೇಡವೇ ಬೇಡ. ಡಾಕ್ಟರು ಎಷ್ಟು ಹೇಳಿದ್ದಾರೋ ಅಷ್ಟೇ. ಕಲ್ಲಾದವರಿಗೆ ಉಲ್ಟಾ, ಅವರು ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಷ್ಟು ಕುಡಿಯಬೇಕು. ವಯಸ್ಸಾದವರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. "ನನಗೆ ಬ್ಯಾಡ" ಅನ್ನುತ್ತಾರೆ, ನೀವೂ ಸುಮ್ಮನಾಗುತ್ತೀರಿ. ಹಾಗೆ ಬಿಡಬೇಡಿ, ತಂಬಿಗೆಯನ್ನು ಕೈಗೇ ಕೊಡಿ, ಕುಡಿಯುವವರೆಗೆ ಪಕ್ಕದಲ್ಲಿ ಕೂರಿ.

ಮತ್ತೆ ಬಾಣಂತಿ ಕೂಸಿನ ವಿಷಯ. ಬೇಸಿಗೆ ಅಂತ ಆರು ತಿಂಗಳೊಳಗಿನ ಕೂಸಿಗೆ ಒಂದು ಚಮಚ ನೀರನ್ನೂ ಹಾಕಬೇಡಿ, ಎದೆಹಾಲಲ್ಲೇ ಅದಕ್ಕೆ ಬೇಕಾದ ನೀರಿದೆ. ತಾಯಿಯ ಬಟ್ಟಲಿಗೆ ಒಂದೋ ಎರಡೋ ಬೀಜ ಜಾಸ್ತಿ ಹಾಕಿ. ಬಾಣಂತಿಗೆ ನೀರು ಕೊಡಬಾರದು ಅಂತ ಯಾರಾದರೂ ಹಿರಿಯರು ಅಡ್ಡ ಬಂದರೆ, ಮೂವತ್ತು ಹಳ್ಳಿಗೆ ಹೆರಿಗೆ ಮಾಡಿಸಿದ ಸಿಸ್ಟರಮ್ಮ ಹೇಳಿದ್ದಾಳೆ ಅನ್ನಿ, ತಂಬಿಗೆ ತುಂಬಿ ಅವಳ ಮಂಚದ ಪಕ್ಕ ಇಡಿ.