ಅಂಗಳದಲ್ಲಿ ಕಟ್ಟಿದ ಮರದ ಟ್ರಸ್ಸು

ತೀರ್ಥಹಳ್ಳಿ ಕಡೆಯ ಮನೆಯೊಂದಕ್ಕೆ ಹೆಂಚಿನ ಮಾಡು ಕಟ್ಟಲು ನನ್ನನ್ನು ಕರೆಯುವ ಹೊತ್ತಿಗೆ, ಫ್ಯಾಬ್ರಿಕೇಷನ್‌ನವರು ಕಬ್ಬಿಣದ ರೆಡಿಮೇಡ್ ಟ್ರಸ್ಸಿಗೆ, ಅಂದರೆ ಮಾಡಿನ ಭಾರ ಹೊರುವ ತ್ರಿಕೋನದ ಚೌಕಟ್ಟಿಗೆ, ಸುಮಾರು 2 ಲಕ್ಷ 90 ಸಾವಿರದ ದರ ಕೊಟ್ಟು ಹೋಗಿದ್ದರು. ಅಗಲ 20 ಅಡಿ, ಉದ್ದ 36 ಅಡಿ. ಕೆಡವಿದ ಹಳೆಯ ಮನೆಯ ಬೋಗಿ, ಹಲಸು, ಮತ್ತಿಯ ಮರ ಅಲ್ಲೇ ಇತ್ತಾದರೂ 15 ಅಡಿ ಮೀರಿದ ತುಂಡು ಒಂದೂ ಇರಲಿಲ್ಲ. "ಆಚಾರ್ರೇ, ತುಂಡು ಜೋಡಿಸಿ ಇಷ್ಟು ಹೆಂಚು ಹೊರಿಸೋದು ಆಗೋ ಮಾತಾ?" ಎಂದು ಯಜಮಾನರ ಅಳಿಯ ನಕ್ಕರು. 1,700 ಹೆಂಚು ಎಂದರೆ, ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ ನಾಲ್ಕು ಟನ್ನು ದಾಟುವುದರಿಂದ, ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ.

ಅದಕ್ಕೂ ಮೊದಲು ಒಂದು ಕೊಟ್ಟಿಗೆಯಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೆ. ಮಾಡಿನ ಇಳಿಜಾರಿನ ಓರೆತೊಲೆ ಬಂದು ಕೂರುವ ಕಚ್ಚಿನಿಂದಾಚೆಗೆ, ಗೋಡೆಯಿಂದ ಗೋಡೆಗೆ ಹೋಗುವ ಅಡ್ಡತೊಲೆಯಲ್ಲಿ ಮೂರೇ ಅಂಗುಲ ಮರ ಬಿಟ್ಟಿದ್ದೆ. ಎರಡನೆಯ ಮಳೆಗಾಲದಲ್ಲಿ ಆ ತುದಿ ನಾರಿನ ಗುಂಟ ಬಿಸ್ಕತ್ತಿನಂತೆ ಸೀಳಿ ಹಾರಿ, ಗೋಡೆ ಒಂದೂವರೆ ಅಂಗುಲ ಹೊರಗೆ ವಾಲಿತು. ಸ್ವಂತ ಹಣದಲ್ಲಿ 18 ಸಾವಿರ ಸುರಿದು ಸರಿಪಡಿಸಿದೆ.

ಈ ಬಾರಿ ಕಚ್ಚಿನಾಚೆ 14 ಅಂಗುಲ ಬಿಟ್ಟೆ. ಅಂಗಳವನ್ನು ಸೆಗಣಿಯಿಂದ ಸಾರಿಸಿ, ಸುಣ್ಣದ ದಾರದಿಂದ ಇಡೀ ಟ್ರಸ್ಸನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಬರೆದು, ನಾಲ್ಕು ಟ್ರಸ್ಸುಗಳನ್ನೂ ಅದೇ ಗೆರೆಗಳ ಮೇಲಿಟ್ಟು ಕೊರೆದೆ. ಅಟ್ಟಣಿಗೆಯ ಮೇಲೆ ನಿಂತು ಪ್ರತಿ ಕಚ್ಚನ್ನೂ ತಿದ್ದುವ ಹಳೆಯ ಕ್ರಮಕ್ಕಿಂತ ಇದರಲ್ಲಿ ಹದಿನೈದು ಆಳಿನ ಕೂಲಿಯಾದರೂ ಉಳಿದಿದೆ. ಅಡ್ಡತೊಲೆಗೆ 15 ಮತ್ತು 11 ಅಡಿಯ ತುಂಡುಗಳನ್ನು ಮೂರಡಿ ಒಂದರ ಮೇಲೊಂದು ಬರುವಂತೆ ಬೆಸೆದು, ಆ ಜೋಡಣೆ ಟ್ರಸ್ಸಿನ ನಡುಗಂಬದ ಕೆಳಗೆ ಬಾರದಂತೆ ಪಕ್ಕಕ್ಕೆ ಸರಿಸಿದೆ. ಬೆಣೆ ಹೊಡೆದಷ್ಟೂ ಕೂಡು ಬಿಗಿಯಾಗುವಂತೆ ತೂತುಗಳನ್ನು ಕೂದಲೆಳೆಯಷ್ಟು ತಪ್ಪಿಸಿ ಕೊರೆಯಬೇಕು. ಎಷ್ಟು ತಪ್ಪಿಸಬೇಕೆಂಬುದು ಮರಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇದರ ನಡುವೆ ಒಂದು ನಡುಗಂಬಕ್ಕೆ ಹಸಿ ಅಕೇಶಿಯಾ ಹಾಕಿ ನೋಡಿದೆ. ಮೂರು ವಾರದಲ್ಲಿ ಅದು ತಿರುಚಿಕೊಂಡಿದ್ದರಿಂದ ಕಿತ್ತೆಸೆದೆ. ಗೋಡೆಯೊಳಗೆ ಕೂರುವ ತುದಿಗಳಿಗೆ ಗೇರುಸಿಪ್ಪೆಯ ಎಣ್ಣೆ ಬಳಿದಿದ್ದೇನೆ. ಇಲ್ಲಿಯವರೆಗೆ ಗೆದ್ದಲು ಹತ್ತಿಲ್ಲ.

ಕಪ್ಪಿ, ಹಗ್ಗ ಮತ್ತು ಆರು ಜನರಿಂದ ಒಂದೂವರೆ ದಿನದಲ್ಲಿ ನಾಲ್ಕೂ ಟ್ರಸ್ಸುಗಳು ಗೋಡೆ ಏರಿದವು. ಹೊಸದಾಗಿ ಕೊಂಡ ಮರ 50 ಸಾವಿರ, ಕೊಯ್ಯಿಸಿದ್ದು 14 ಸಾವಿರ, ಕೂಲಿ 1 ಲಕ್ಷ 25 ಸಾವಿರದ ಆಸುಪಾಸು. ಹಳೆಯ ಮರಕ್ಕೂ ಪೇಟೆಯ ಬೆಲೆ ಕಟ್ಟಿದರೆ ಕಬ್ಬಿಣಕ್ಕೆ ಸಮವಾಗಬಹುದೆಂದು ಒಪ್ಪುತ್ತೇನೆ. 30 ಅಡಿ ಅಗಲವಾಗಿದ್ದರೆ ನಾನೇ ಕಬ್ಬಿಣ ಹಾಕಿಸಿ ಎನ್ನುತ್ತಿದ್ದೆ.

ಎರಡು ಮಳೆಗಾಲ ಕಳೆದ ಮೇಲೆ ದಾರ ಹಿಡಿದು ನೋಡಿದಾಗ ಅಡ್ಡತೊಲೆ ಕಾಲಂಗುಲವೂ ಬಾಗಿರಲಿಲ್ಲ. ದಾರದ ಇನ್ನೊಂದು ತುದಿ ಹಿಡಿದಿದ್ದವರು ಅದೇ ಅಳಿಯ. ನನಗೆ ಬರಬೇಕಾದ ಕೊನೆಯ ಎಂಟು ಸಾವಿರವನ್ನು ಅಂದೇ ಕೊಟ್ಟರು.